ಸಮಕಾಲೀನ ಕಾದಂಬರಿಯೂ ಅದರ ವಿಮರ್ಶಕರೂ: ಇಂಗ್ಲೆಂಡು, 1749–1821

ಗತಿಸಿದ ಒಂದು ಕಾಲದ ಜನರು ಪ್ರೇಮ, ವಿವಾಹ, ಸ್ನೇಹ ಮೊದಲಾದ ವಿಷಯಗಳನ್ನು ಕುರಿತು ಏನನ್ನು ಭಾವಿಸುತ್ತಿದ್ದರೆಂಬುದನ್ನು ತಿಳಿಯಬಯಸುವ ಇತಿಹಾಸ ವಿದ್ಯಾರ್ಥಿಗೆ ಆ ಕಾಲದ ಕಾದಂಬರಿಗಳು ಒಂದು ಆಕರ. ಆ ಕಾದಂಬರಿಗಳು ಹೊರಬಂದ ದಿನಗಳಲ್ಲಿಯೇ ಪತ್ರಿಕೆಗಳಲ್ಲಿ ಅಚ್ಚಾದ ವಿಮರ್ಶೆಗಳು ಮತ್ತೊಂದು ಆಕರ. ಮೊದಲನೆಯದನ್ನು ಬಳಸುವಾಗ ನಾವು ಸಾಮಾನ್ಯವಾಗಿ ಎಚ್ಚರದಿಂದಿರುತ್ತೇವೆ. ಕಾದಂಬರಿಯೆಂಬುದು ಕಲ್ಪಿತ ಕಥೆಯಷ್ಟೆ ಎಂಬ ಸಂಶಯ ನಮ್ಮನ್ನು ಕಾಯುತ್ತಿರುತ್ತದೆ. ಎರಡನೆಯದರ ವಿಷಯದಲ್ಲಿ ಆ ಎಚ್ಚರ ಸಡಿಲವಾಗುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಪತ್ರಿಕೆಯಲ್ಲಿ ಅಚ್ಚಾದುದರಿಂದಲೂ ತಾರೀಖು ಇರುವುದರಿಂದಲೂ ವಿಮರ್ಶೆಯನ್ನು ದಾಖಲೆಯೆಂದು ಭಾವಿಸಿ, ಅದರಲ್ಲಿ ಹೇಳಿರುವುದು ಅಂದಿನ ಓದುಗರ ಅಭಿಪ್ರಾಯವೆಂದು ಬರೆದುಬಿಡುವುದು ವಾಡಿಕೆಯಾಗಿದೆ. ಇದನ್ನು ಇತರರ ದೋಷವೆಂದು ಹೇಳುತ್ತಿಲ್ಲ. ಎಂ.ಎ. ತರಗತಿಗಾಗಿ ನಾವು ಬರೆದ ಪ್ರಬಂಧದಲ್ಲಿ ‘ಅಂದಿನ ಓದುಗರು’ ಎಂಬ ತಲೆಬರಹದ ಕೆಳಗೆ ಹನ್ನೊಂದು ಪುಟಗಳನ್ನು ತುಂಬಿಸಿದ್ದೆವು. ಅವುಗಳಲ್ಲಿ ಓದುಗನೊಬ್ಬನೂ ಇರಲಿಲ್ಲ, ಇದ್ದವರೆಲ್ಲರೂ ವಿಮರ್ಶಕರೇ.

ಆ ತಪ್ಪು ಎಂತಹುದೆಂಬುದನ್ನು ಒಂದು ನಿರ್ದಿಷ್ಟ ಪ್ರಸಂಗದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ನಾವು ಆರಿಸಿಕೊಂಡಿರುವುದು ಹದಿನೆಂಟನೆಯ ಶತಮಾನದ ನಡುವಿನಿಂದ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗಿನ ಇಂಗ್ಲೆಂಡನ್ನು. ಅದರಲ್ಲಿಯೂ ತರುಣಿಯೊಬ್ಬಳ ಪ್ರೇಮ, ಅವಳ ಗೆಳೆತನಗಳು, ಅವಳು ತನ್ನನ್ನು ತಾನು ಅರಿತುಕೊಳ್ಳುವ ಬಗೆ ಇವೇ ವಸ್ತುವಾಗಿರುವ ಕಾದಂಬರಿಗಳನ್ನು. ಯುದ್ಧದ ಕಥೆಯನ್ನೊ ಸಮುದ್ರಯಾನದ ಕಥೆಯನ್ನೊ ವಿಮರ್ಶಿಸುವಾಗ ವಿಮರ್ಶಕನಿಗೆ ಹಳೆಯ ಅಳತೆಗೋಲುಗಳಿದ್ದವು. ಮನೆಯೊಳಗೆ ನಡೆಯುವ ಈ ಸಣ್ಣ ಕಥೆಗಳನ್ನು ಎದುರಿಸಿದಾಗ ಮಾತ್ರ ಅವನು ಏನು ಹೇಳಬೇಕೆಂದು ತಿಳಿಯದೆ ತಡಬಡಿಸಿದ್ದು ಕಂಡುಬರುತ್ತದೆ. ತಡಬಡಿಸಿದ ಸಾಕ್ಷಿಯ ಹೇಳಿಕೆಯಿಂದಲೇ ಹೆಚ್ಚು ಕಲಿಯಬಹುದು.

ಹೊಸ ಪುಸ್ತಕಗಳನ್ನು ಕ್ರಮವಾಗಿ ವಿಮರ್ಶಿಸುವ ಪತ್ರಿಕೆ ಇಂಗ್ಲೆಂಡಿನಲ್ಲಿ ನೆಲೆಯೂರಿದ್ದು 1749ರಲ್ಲಿ, ಪುಸ್ತಕ ವ್ಯಾಪಾರಿಯಾದ ರಾಲ್ಫ್ ಗ್ರಿಫಿತ್ಸ್ ‘ಮಂತ್ಲಿ ರಿವ್ಯೂ’ವನ್ನು ಸ್ಥಾಪಿಸಿದಾಗ. ಅದಕ್ಕೆ ಪ್ರತಿಸ್ಪರ್ಧಿಯಾಗಿ 1756ರಲ್ಲಿ ‘ಕ್ರಿಟಿಕಲ್ ರಿವ್ಯೂ’ ಹೊರಟಿತು. ಕಾದಂಬರಿಕಾರ ಟೋಬಿಯಾಸ್ ಸ್ಮಾಲೆಟ್ ಅದರ ಸಂಪಾದಕ. 1788ರಲ್ಲಿ ಜೋಸೆಫ್ ಜಾನ್ಸನನ ‘ಅನಲಿಟಿಕಲ್ ರಿವ್ಯೂ’, 1793ರಲ್ಲಿ ‘ಬ್ರಿಟಿಷ್ ಕ್ರಿಟಿಕ್’ ಹುಟ್ಟಿದುವು. ಮೊದಲನೆಯದು ವಿಗ್ ಪಕ್ಷದ ಮತ್ತು ಮತಭಿನ್ನರ ಕಡೆಗೆ ವಾಲಿದ್ದರೆ, ಎರಡನೆಯದು ಮತ್ತು ಕೊನೆಯದು ಟೋರಿಗಳ ಮತ್ತು ಚರ್ಚಿನ ಪಕ್ಷದವು. ಅಚ್ಚಾದ ಎಲ್ಲ ಪುಸ್ತಕಗಳನ್ನೂ ಓದುಗನಿಗೆ ಪರಿಚಯಮಾಡಿಕೊಡಬೇಕೆಂಬುದು ಈ ಪತ್ರಿಕೆಗಳ ಆದರ್ಶವಾಗಿತ್ತು. ಅದು ಅಸಾಧ್ಯವೆಂದು ಬೇಗನೆ ಮನವರಿಕೆಯಾಯಿತು. ಮುಖ್ಯವೆಂದು ತೋರಿದ ಗ್ರಂಥಗಳಿಗೆ ಮುಂಭಾಗದಲ್ಲಿ ದೀರ್ಘ ಲೇಖನ, ಉಳಿದವಕ್ಕೆ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಮಾಸಿಕ ಪಟ್ಟಿ, ಹೀಗೆ ವ್ಯವಸ್ಥೆಯಾಯಿತು. ಕಾದಂಬರಿಗೆ ಬಹುತೇಕ ಸಿಕ್ಕಿದ್ದು ಈ ಹಿತ್ತಿಲ ಬಾಗಿಲೇ.

ವಿಮರ್ಶಕರು ತಮ್ಮ ಹೆಸರನ್ನು ಹಾಕುತ್ತಿರಲಿಲ್ಲ. ‘ನಾವು’ ಎಂದು ಬರೆಯುವುದು ಪದ್ಧತಿ. (ಈ ಲೇಖನದಲ್ಲಿ ಅದೇ ಪದ್ಧತಿಯನ್ನು ಹಿಡಿದಿರುವ ನಮಗೆ ಅದರ ಅನುಕೂಲ ಎಷ್ಟೆಂಬುದು ಚೆನ್ನಾಗಿ ಗೊತ್ತು.) ಒಬ್ಬನ ಅನಿಸಿಕೆ ‘ನಾವು’ ಎಂಬ ಶಬ್ದವನ್ನು ತೊಟ್ಟೊಡನೆ ಲೋಕಾಭಿಪ್ರಾಯದಂತೆ ಕಾಣುತ್ತದೆ. ಹೆಸರಿಲ್ಲದಿದ್ದರೂ ಹೊಣೆ ತಪ್ಪುತ್ತಿರಲಿಲ್ಲವೆಂಬುದಕ್ಕೆ ಸ್ಮಾಲೆಟನೇ ನಿದರ್ಶನ. ನೌಕಾಧಿಪತಿ ನೋಲ್ಸ್ ಎಂಬವನನ್ನು ತನ್ನ ಪತ್ರಿಕೆಯಲ್ಲಿ ಹೀಯಾಳಿಸಿ ಬರೆದುದಕ್ಕಾಗಿ 1760ರಲ್ಲಿ ಅವನಿಗೆ ನೂರು ಪೌಂಡು ದಂಡವೂ ಮೂರು ತಿಂಗಳ ಸೆರೆವಾಸವೂ ಪ್ರಾಪ್ತವಾದುವು. ಆದರೆ ಕಾದಂಬರಿ ಬರೆದ ಹೆಂಗಸನ್ನು ಹೀಯಾಳಿಸಿದರೆ ಯಾರೂ ಸೆರೆಮನೆಗೆ ಹೋಗುತ್ತಿರಲಿಲ್ಲ. ಇತಿಹಾಸಕಾರರ ಪುಣ್ಯದಿಂದ ಗ್ರಿಫಿತ್ಸ್ ತನ್ನ ಪತ್ರಿಕೆಯ ಸ್ವಂತ ಪ್ರತಿಯಲ್ಲಿ ಒಂದೊಂದು ಲೇಖನದ ಪಕ್ಕದಲ್ಲಿಯೂ ಬರೆದವನ ಗುರುತನ್ನು ಹಾಕಿಟ್ಟಿದ್ದ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಆ ಸಂಪುಟಗಳನ್ನು ಆಧರಿಸಿ ಬಿ. ಸಿ. ನ್ಯಾಂಗಲ್ ಎಂಬ ವಿದ್ವಾಂಸರು 1934ರಲ್ಲಿಯೂ 1955ರಲ್ಲಿಯೂ ಲೇಖಕರ ಸೂಚಿಗಳನ್ನು ಪ್ರಕಟಿಸಿದರು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ‘ಮಂತ್ಲಿ ರಿವ್ಯೂ ಹೀಗೆ ಹೇಳಿತು’ ಎಂದು ಬರೆಯುತ್ತಿದ್ದವರು ಆಮೇಲೆ ‘ಇಂತಹವನು ಹೀಗೆ ಹೇಳಿದ’ ಎಂದು ಬರೆಯುವಂತಾಯಿತು. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ವಿದ್ಯಾರ್ಥಿಗಳು ಲಘುವಾಗಿ ಭಾವಿಸಕೂಡದು.

ಕಾದಂಬರಿಯ ಬಗೆಗೆ ವಿಮರ್ಶಕರಿಗಿದ್ದ ತಾತ್ಸಾರಕ್ಕೆ ಒಂದು ವ್ಯಾವಹಾರಿಕ ಕಾರಣವೂ ಉಂಟು. ಈ ಪುಸ್ತಕಗಳನ್ನು ಬಹು ಜನ ಕೊಂಡು ಓದುತ್ತಿರಲಿಲ್ಲ. ಚಂದಾ ಕೊಟ್ಟು ಬಾಡಿಗೆ ಪುಸ್ತಕಾಲಯಗಳಿಂದ ತರಿಸಿಕೊಳ್ಳುತ್ತಿದ್ದರು. ಒಂದು ಕಥೆಯನ್ನು ಮೂರು ಸಂಪುಟಗಳಾಗಿ ಮಾಡಿದರೆ ಒಂದೇ ಕಾಲದಲ್ಲಿ ಮೂವರಿಗೆ ಕೊಡಬಹುದಷ್ಟೆ. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ವಿಲಿಯಂ ಲೇನ್ ಎಂಬವನು ಮುದ್ರಣಾಲಯವನ್ನೂ ಪುಸ್ತಕಾಲಯವನ್ನೂ ಒಟ್ಟಿಗೆ ನಡೆಸುತ್ತ, ‘ಮಿನರ್ವ’ ಎಂಬ ಮುದ್ರೆಯಲ್ಲಿ ಇಂತಹ ಕಥೆಗಳನ್ನು ರಾಶಿರಾಶಿಯಾಗಿ ಹೊರಡಿಸಿ ಧನಿಕನಾದ. ಓದುವವರು ತರುಣಿಯರೆಂದೂ, ಬರೆಯುವವರೂ ಹೆಚ್ಚಾಗಿ ಹೆಂಗಸರೆಂದೂ, ಆದುದರಿಂದ ವಿಮರ್ಶಕನ ಕರ್ತವ್ಯ ಕಾವಲುಗಾರನ ಕರ್ತವ್ಯವೆಂದೂ ಒಂದು ಭಾವನೆ ಬೆಳೆಯಿತು. ಈ ಪುಸ್ತಕ ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಲು ಯೋಗ್ಯವೊ ಅಲ್ಲವೊ ಎಂಬುದೇ ಅರ್ಧ ಪುಟದ ಟಿಪ್ಪಣಿಯ ತಿರುಳು. ಸ್ತ್ರೀಯರ ಹಕ್ಕುಗಳನ್ನು ಪ್ರತಿಪಾದಿಸಿ 1792ರಲ್ಲಿ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಕೂಡ ‘ಅನಲಿಟಿಕಲ್ ರಿವ್ಯೂ’ವಿನಲ್ಲಿ ಕಾದಂಬರಿಗಳನ್ನು ವಿಮರ್ಶಿಸಿದಾಗ ಮೃದುವಾಗಿರಲಿಲ್ಲ. ಆಕೆಯ ಕೋಪಕ್ಕೆ ಕಾರಣ ಬೇರೆ: ಈ ಕಥೆಗಳು ಹೆಂಗಸರನ್ನು ಕೆಡಿಸುತ್ತವೆಂದಲ್ಲ, ಅವರನ್ನು ಕೇವಲ ಭಾವನೆಗಳ ಗೊಂಬೆಗಳನ್ನಾಗಿ ಮಾಡಿ ಬುದ್ಧಿಯನ್ನು ನಿದ್ದೆಗೊಳಿಸುತ್ತವೆ ಎಂದು. ಒಂದೇ ಬಗೆಯ ಖಂಡನೆಯ ಹಿಂದೆ ಎರಡು ವಿರುದ್ಧ ಆಶಯಗಳಿರಬಹುದೆಂಬುದಕ್ಕೆ ಇದು ಉದಾಹರಣೆ.

ಇಂತಹ ಕಾವಲುಗಾರರ ಎದುರಿಗೆ 1778ರ ಜನವರಿಯಲ್ಲಿ ‘ಈವ್ಲೀನ’ ಎಂಬ ಕಾದಂಬರಿ ಬಂತು. ಬರೆದವಳು ಇಪ್ಪತ್ತೈದು ವರ್ಷದ ಫ್ಯಾನಿ ಬರ್ನಿ. ಹೆಸರಿಲ್ಲ, ಹಸ್ತಪ್ರತಿಯೂ ಆಕೆಯ ಸಹಜ ಅಕ್ಷರಗಳಲ್ಲಿರಲಿಲ್ಲ. ತಂದೆ ಚಾರ್ಲ್ಸ್ ಬರ್ನಿಯ ಸಂಗೀತ ಚರಿತ್ರೆಯನ್ನು ಅಚ್ಚಿಗಾಗಿ ನಕಲು ಮಾಡಿಕೊಟ್ಟವಳು ಆಕೆಯೇ ಆದುದರಿಂದ ಮುದ್ರಕರು ಅಕ್ಷರವನ್ನು ಗುರುತಿಸಬಹುದೆಂದು ಹೆದರಿ, ರಾತ್ರಿಯ ಹೊತ್ತು ಬೇರೊಂದು ಬಗೆಯ ಬರವಣಿಗೆಯಲ್ಲಿ ಪ್ರತಿಮಾಡಿದಳು. ಪ್ರಕಾಶಕ ಲೌಂಡ್ಸ್ ಕೊಟ್ಟದ್ದು ಇಪ್ಪತ್ತು ಗಿನಿ. ತಂದೆಗೆ ಸಂಗತಿ ತಿಳಿದದ್ದು ಪುಸ್ತಕ ಹೊರಬಂದು ಕೆಲವು ತಿಂಗಳಾದ ಮೇಲೆ. ಗ್ರಂಥದ ಮೊದಲಲ್ಲಿ ಆಕೆ ‘ಮಂತ್ಲಿ’ ಮತ್ತು ‘ಕ್ರಿಟಿಕಲ್’ ಪತ್ರಿಕೆಗಳ ಲೇಖಕರನ್ನೇ ಸಂಬೋಧಿಸಿ ಒಂದು ಅರ್ಪಣ ಪತ್ರವನ್ನು ಬರೆದಿದ್ದಾಳೆ. ಅದರಲ್ಲಿ ವಿನಯವೂ ಇದೆ, ಆ ವಿನಯದ ಒಳಗೆ ಕಚಗುಳಿಯೂ ಇದೆ. ಆಶ್ರಯದಾತನಾದ ಪ್ರಭುವಿಗೆ ಪುಸ್ತಕವನ್ನು ಅರ್ಪಿಸುತ್ತಿದ್ದ ಕಾಲ ಮುಗಿಯುತ್ತ ಬಂದು, ಪ್ರಭುವಿನ ಪೀಠದಲ್ಲಿ ವಿಮರ್ಶಕನು ಬಂದು ಕುಳಿತನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಡ.

ಎರಡು ಪತ್ರಿಕೆಗಳೂ ‘ಈವ್ಲೀನ’ವನ್ನು ಮೆಚ್ಚಿಕೊಂಡವು. ಹದಿನೇಳರ ಹುಡುಗಿಯೊಬ್ಬಳು ಹಳ್ಳಿಯಿಂದ ಲಂಡನ್ನಿಗೆ ಬಂದು, ತಪ್ಪು ಹೆಜ್ಜೆಗಳಿಟ್ಟು, ನಾಚಿ, ಕಲಿತು, ಕೊನೆಗೆ ಆರ್ವಿಲ್ ಪ್ರಭುವಿನ ಕೈಹಿಡಿಯುವ ಕಥೆ ಅದು. ಬಹುಭಾಗ ಅವಳು ತನ್ನ ಸಾಕುತಂದೆಯಾದ ಪಾದ್ರಿಗೆ ಬರೆದ ಕಾಗದಗಳು. ಅದರ ನಡುವೆ, ಅವಳು ಆ ಪಾದ್ರಿಯ ಮನೆಗೇ ಹಿಂದಿರುಗಿದಾಗ, ಮರಿಯಾ ಎಂಬ ಗೆಳತಿಗೆ ಬರೆದ ಕೆಲವು ಕಾಗದಗಳಿವೆ. ಕಥಾತಂತ್ರದ ದೃಷ್ಟಿಯಿಂದ ಇದು ಅನಿವಾರ್ಯ, ಒಂದೇ ಮನೆಯಲ್ಲಿರುವವನಿಗೆ ಕಾಗದ ಬರೆಯುವುದೆಂತು? ಆದರೆ ಫಲ ತಂತ್ರಕ್ಕಿಂತ ದೊಡ್ಡದು. ಗುರುವಿಗೆ ಹೇಳಲಾರದ ನೋವನ್ನು ಅವಳು ಗೆಳತಿಗೆ ಹೇಳುತ್ತಾಳೆ. ಹೇಳುತ್ತ ಹೇಳುತ್ತ ತನಗೆ ಆದದ್ದು ಏನೆಂಬುದು ಅವಳಿಗೇ ಮೊದಲಬಾರಿ ತಿಳಿಯತೊಡಗುತ್ತದೆ. ಸ್ನೇಹವು ಆತ್ಮಪರಿಚಯಕ್ಕೆ ಕನ್ನಡಿಯಾಗುವ ಈ ಕೆಲವು ಪುಟಗಳನ್ನು ವಿಮರ್ಶಕರು ದಾಟಿ ಮುಂದೆ ಹೋದರು. ಅವರು ಮೆಚ್ಚಿದ್ದು ಪಾತ್ರಗಳ ವೈವಿಧ್ಯವನ್ನು, ಹಾಸ್ಯವನ್ನು, ನೀತಿಯನ್ನು.

ಬರ್ನಿಯ ಮೂರನೆಯ ಕಾದಂಬರಿ ‘ಕ್ಯಾಮಿಲ’ 1796ರಲ್ಲಿ ಚಂದಾದಾರರ ನೆರವಿನಿಂದ ಪ್ರಕಟವಾಯಿತು. ಮುದ್ರಿತ ಚಂದಾದಾರರ ಪಟ್ಟಿಯಲ್ಲಿ ಸ್ಟೀವನ್‌ಟನ್ನಿನ ಮಿಸ್ ಜೆ. ಆಸ್ಟೆನ್ ಎಂಬ ಹೆಸರಿದೆ. ಜೇನ್ ಆಸ್ಟೆನ್‌ಳಿಗೆ ಆಗ ಇಪ್ಪತ್ತು ವರ್ಷ. ಮರುವರ್ಷ ಆಕೆಯ ತಂದೆ ‘ಮೊದಲ ಅನಿಸಿಕೆಗಳು’ ಎಂಬ ಅರ್ಥದ ಹೆಸರಿದ್ದ ಮಗಳ ಕಾದಂಬರಿಯನ್ನು ಕುರಿತು ಕ್ಯಾಡೆಲ್ ಎಂಬ ಪ್ರಕಾಶಕನಿಗೆ ಬರೆದಾಗ, ಹಸ್ತಪ್ರತಿಯನ್ನು ನೋಡದೆಯೇ ಆತ ಬೇಡವೆಂದ. 1803ರಲ್ಲಿ ‘ಸೂಸನ್’ ಎಂಬ ಇನ್ನೊಂದು ಕೃತಿಯನ್ನು ಕ್ರಾಸ್ಬಿ ಎಂಬವನು ಹತ್ತು ಪೌಂಡಿಗೆ ಕೊಂಡು ಅಚ್ಚುಮಾಡದೆ ಇಟ್ಟುಕೊಂಡ. ಅದೇ ಹಣವನ್ನು ಹಿಂದಕ್ಕೆ ಕೊಟ್ಟು ಹಸ್ತಪ್ರತಿಯನ್ನು ಬಿಡಿಸಿಕೊಂಡದ್ದು 1816ರಲ್ಲಿ. ‘ನಾರ್ಥ್ಯಾಂಗರ್ ಅಬಿ’ ಎಂದು ಈಗ ಪ್ರಸಿದ್ಧವಾಗಿರುವ ಗ್ರಂಥ ಅದೇ. ಅದರ ಐದನೆಯ ಅಧ್ಯಾಯದಲ್ಲಿ ಕಥೆಯನ್ನು ನಿಲ್ಲಿಸಿ ಲೇಖಕಿ ವಿಮರ್ಶಕರನ್ನು ತರಾಟೆಗೆ ತೆಗೆದುಕೊಂಡು, ಬರ್ನಿಯ ಮತ್ತು ಮರಿಯಾ ಎಜ್‌ವರ್ತಳ ಕಾದಂಬರಿಗಳನ್ನು ಹೆಸರು ಹಿಡಿದು ಸಮರ್ಥಿಸುತ್ತಾಳೆ. ಅದು ಜನರ ಕಣ್ಣಿಗೆ ಬಿದ್ದದ್ದು ಬರೆದವಳು 1817ರ ಜುಲೈ 18ರಂದು ತೀರಿಕೊಂಡ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ.

1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯೂ 1813ರ ಜನವರಿ 28ರಂದು ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕೃತಿಯೂ ಪ್ರಕಟವಾದುವು. ಮೊದಲನೆಯದನ್ನು ತನ್ನ ಸ್ವಂತ ಹೊಣೆಯ ಮೇಲೆ ಅಚ್ಚುಹಾಕಿಸಿ ಆಕೆ 140 ಪೌಂಡು ಲಾಭ ಪಡೆದಳು. ಎರಡನೆಯದರ ಹಕ್ಕನ್ನು ಎಗರ್ಟನ್ ಎಂಬ ಪ್ರಕಾಶಕನಿಗೆ 110 ಪೌಂಡಿಗೆ ಪೂರ್ತಿಯಾಗಿ ಮಾರಿಬಿಟ್ಟಳು. ವಿಮರ್ಶೆಗಳು ಕೆಲವೇ, ಆದರೆ ಅನುಕೂಲವಾಗಿದ್ದುವು. ‘ಬ್ರಿಟಿಷ್ ಕ್ರಿಟಿಕ್’ ಪತ್ರಿಕೆಯವರು ಮೊದಲನೆಯ ಕೃತಿಯಲ್ಲಿ ಸ್ತ್ರೀಯರ ನಡತೆಗೆ ಹಿತವಾದ ಬೋಧೆಗಳಿವೆಯೆಂದು ಶಿಫಾರಸು ಮಾಡಿದರು. ‘ಕ್ರಿಟಿಕಲ್ ರಿವ್ಯೂ’ 1813ರ ಮಾರ್ಚಿಯಲ್ಲಿ ಎರಡನೆಯದಕ್ಕೆ ಸಾಕಷ್ಟು ಪುಟಗಳನ್ನು ಕೊಟ್ಟು, ನಾಯಿಕೆ ಎಲಿಜಬೆತ್‌ಳನ್ನು ಷೇಕ್ಸ್‌ಪಿಯರನ ಬೀಟ್ರಿಸ್‌ಳಿಗೆ ಹೋಲಿಸಿತು. ಜಗಳದಿಂದಲೇ ಪ್ರೇಮ ಹುಟ್ಟುವ ಹಳೆಯ ಮಾದರಿ ಇದೆಂದು ಅದರ ಅಭಿಪ್ರಾಯ. ಹೋಲಿಕೆ ಚಮತ್ಕಾರವಾಗಿದೆ. ಆದರೆ ಆ ಹೋಲಿಕೆಯ ಪೆಟ್ಟಿಗೆಯಲ್ಲಿ ಕಾದಂಬರಿಯ ಮುಖ್ಯ ಘಟನೆಗೆ ಸ್ಥಳವಿಲ್ಲ. ಎಲಿಜಬೆತ್‌ಳ ಮನಸ್ಸು ತಿರುಗುವುದು ಜಗಳದಲ್ಲಲ್ಲ, ಒಬ್ಬಳೇ ನಿಂತು ಒಂದು ಕಾಗದವನ್ನು ಓದುವಾಗ. ಅಲ್ಲಿ ಅವಳು ಮೊದಲು ಅರಿಯುವುದು ಡಾರ್ಸಿಯನ್ನಲ್ಲ, ತನ್ನನ್ನು.

1814ರ ಮೇ ತಿಂಗಳಲ್ಲಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಹೊರಟಿತು. ಲೇಖಕಿ ಬದುಕಿರುವವರೆಗೆ ಅದನ್ನು ಕುರಿತು ಒಂದು ವಿಮರ್ಶೆಯೂ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಆದರೂ ಆರು ತಿಂಗಳಲ್ಲಿ, ಅಂದರೆ ನವೆಂಬರಿನ ವೇಳೆಗೆ, ಮೊದಲನೆಯ ಮುದ್ರಣ ಮಾರಾಟವಾಗಿ ಮುಗಿದಿತ್ತು. ಪತ್ರಿಕೆಗಳನ್ನು ಮಾತ್ರ ನೋಡುವ ಇತಿಹಾಸಕಾರನಿಗೆ ಈ ಪುಸ್ತಕ ಹುಟ್ಟಲೇ ಇಲ್ಲ; ಪುಸ್ತಕ ವ್ಯಾಪಾರಿಯ ಲೆಕ್ಕವನ್ನು ನೋಡುವವನಿಗೆ ಅದು ಗೆದ್ದಿತು.

ಇಲ್ಲಿ ನಮಗೆ ಅತ್ಯಮೂಲ್ಯವಾದ ಒಂದು ಆಕರ ದೊರೆಯುತ್ತದೆ. ವಿಮರ್ಶಕರು ಬಾಯಿ ತೆರೆಯದಿದ್ದಾಗ ಲೇಖಕಿ ತಾನೇ ಓದುಗರ ಅಭಿಪ್ರಾಯಗಳನ್ನು ಸಂಗ್ರಹಿಸತೊಡಗಿದಳು. ಮನೆಯವರು, ನೆರೆಯವರು, ಕಾಗದಗಳಲ್ಲಿ ಯಾರೋ ತಿಳಿಸಿದ ದೂರದ ಪರಿಚಿತರು, ಇವರೆಲ್ಲ ಹೇಳಿದ್ದನ್ನು ಹೆಸರುಸಹಿತ ತನ್ನ ಕೈಯಲ್ಲಿ ಬರೆದಿಟ್ಟಳು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ಗೆ ಒಂದು, ಮುಂದೆ ‘ಎಮ್ಮ’ ಕಾದಂಬರಿಗೆ ಇನ್ನೊಂದು, ಹೀಗೆ ಎರಡು ಪಟ್ಟಿಗಳಿವೆ. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೊಗಳಿಕೆಯನ್ನು ಆರಿಸಿ ನಿಂದೆಯನ್ನು ಬಿಟ್ಟಿಲ್ಲ, ನಮ್ಮ ಅನೇಕ ಅಭಿನಂದನ ಗ್ರಂಥಗಳ ಸಂಪಾದಕರಿಗೆ ಇರದ ಪ್ರಾಮಾಣಿಕತೆ ಅದು. ಸ್ವಂತ ತಾಯಿಗೆ ನಾಯಿಕೆ ಫ್ಯಾನಿ ಸಪ್ಪೆಯೆನಿಸಿದ್ದನ್ನು ಬರೆದಿದ್ದಾಳೆ. ಅಕ್ಕ ಕಸ್ಸಾಂಡ್ರಳಿಗೆ ಅದೇ ಫ್ಯಾನಿ ಪ್ರಿಯಳು. ಅಣ್ಣನ ಮಕ್ಕಳಲ್ಲಿ ಒಬ್ಬನು ಫ್ಯಾನಿಯನ್ನು ಮೆಚ್ಚಿದ, ಇನ್ನೊಬ್ಬನಿಗೆ ಅವಳು ಹಿಡಿಸಲಿಲ್ಲ. ನೌಕಾದಳದ ಅಧಿಕಾರಿಯೊಬ್ಬನು ಬಂದರು ಪಟ್ಟಣದ ಬಡಮನೆಯ ಚಿತ್ರವನ್ನು ಈಕೆ ಅಷ್ಟು ಚೆನ್ನಾಗಿ ಬರೆದಳಲ್ಲಾ ಎಂದು ಬೆರಗಾದ. ಬ್ರಾಮ್‌ಸ್ಟನ್ ಎಂಬ ಮಹಿಳೆಯಂತೂ ಹಿಂದಿನ ಎರಡು ಕಾದಂಬರಿಗಳು ಶುದ್ಧ ಅಸಂಬದ್ಧವೆಂದು ಒಪ್ಪಿಕೊಂಡು, ಇದಾದರೂ ಮೇಲಾದೀತೆಂದು ಹಾರೈಸಿ, ಮೊದಲ ಸಂಪುಟ ಮುಗಿಸಿದಾಗ ಕಷ್ಟದ ಭಾಗ ಕಳೆಯಿತೆಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಳಂತೆ!

ಈ ಪಟ್ಟಿಯನ್ನು ಓದಿದವರಿಗೆ ಒಂದು ಸಂಗತಿ ಎದ್ದುಕಾಣುತ್ತದೆ. ಪತ್ರಿಕೆಗಳಲ್ಲಿ ಕೇಂದ್ರವಾಗಿರುವ ಪ್ರಶ್ನೆ, ಪುಸ್ತಕ ಹೆಣ್ಣುಮಕ್ಕಳಿಗೆ ಸುರಕ್ಷಿತವೆ ಎಂಬುದು, ಇಲ್ಲಿ ಮುಂದಾಳಲ್ಲ. ನೀತಿಯನ್ನು ಮೆಚ್ಚಿದವರೂ ಇದ್ದಾರೆ, ನಿಜ. ಆದರೆ ಬಹುಮಂದಿ ಚರ್ಚಿಸುವುದು ಪಾತ್ರಗಳನ್ನು, ನಮ್ಮ ಊರುಗಳಲ್ಲಿ ಜಗಲಿಯ ಮೇಲೆ ಕುಳಿತು ಮದುವೆಮನೆಯ ಬೀಗರನ್ನು ಚರ್ಚಿಸುವಂತೆ. ಶ್ರೀಮಂತ ವರನನ್ನು ನಿರಾಕರಿಸಿದ ಬಡ ಹುಡುಗಿ ಸರಿಯೆ, ತಪ್ಪೆ? ಅವಳ ಮೌನ ದೃಢತೆಯೊ, ಸತ್ತ್ವಹೀನತೆಯೊ? ಈ ವಾದವೇ ಅಂದಿನ ಮನೆಗಳಲ್ಲಿ ಕಾದಂಬರಿಯಿಂದ ನಡೆದ ಕೆಲಸ. ಈ ಸಾಕ್ಷಿಗಳೆಲ್ಲ ಲೇಖಕಿಯ ಬಳಗದವರೆಂಬ ಆಕ್ಷೇಪಣೆಯನ್ನು ನಾವು ಮರೆತಿಲ್ಲ. ಇಡೀ ಇಂಗ್ಲೆಂಡಿನ ಓದುಗರನ್ನು ಒಂದು ಕುಟುಂಬದ ಊಟದ ಮೇಜಿನಿಂದ ಅಳೆಯಲಾಗದು. ಆದರೆ ಅನಾಮಧೇಯನಾದ ಒಬ್ಬ ವಿಮರ್ಶಕನಿಂದ ಅಳೆಯುವುದಕ್ಕಿಂತ ಹೆಸರು ಗೊತ್ತಿರುವ ಹಲವರಿಂದ ಅಳೆಯುವುದು ಮೇಲು.

‘ಎಮ್ಮ’ 1815ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಪ್ರಕಾಶಕ ಜಾನ್ ಮರ್ರೆ. ಅವನು ‘ಎಮ್ಮ’ದ ಜೊತೆಗೆ ಇನ್ನೆರಡು ಕಾದಂಬರಿಗಳ ಹಕ್ಕನ್ನೂ ಸೇರಿಸಿ 450 ಪೌಂಡು ಕೊಡುವೆನೆಂದಾಗ ಲೇಖಕಿ ಒಪ್ಪದೆ ತನ್ನ ಹೊಣೆಯ ಮೇಲೆಯೇ 2000 ಪ್ರತಿ ಅಚ್ಚುಹಾಕಿಸಿದಳು. ಮರ್ರೆ 1809ರಲ್ಲಿ ಹುಟ್ಟಿದ ‘ಕ್ವಾರ್ಟರ್ಲಿ ರಿವ್ಯೂ’ವಿನ ಒಡೆಯನೂ ಹೌದು. ತನ್ನ ಪುಸ್ತಕವನ್ನು ತನ್ನ ಪತ್ರಿಕೆಯಲ್ಲಿ ವಿಮರ್ಶಿಸಿಕೊಡಬೇಕೆಂದು ಅವನು ವಾಲ್ಟರ್ ಸ್ಕಾಟನನ್ನು ಕೇಳಿಕೊಂಡ. ಈ ಏರ್ಪಾಡಿನಲ್ಲಿ ಅಂದು ಯಾರೂ ದೋಷ ಕಾಣಲಿಲ್ಲ. ಸಂಚಿಕೆಯ ಮೇಲೆ 1815ರ ಅಕ್ಟೋಬರ್ ಎಂಬ ತಾರೀಖಿದೆ. ಅದು ನಿಜವಾಗಿ ಹೊರಬಂದದ್ದು 1816ರ ಮಾರ್ಚಿಯಲ್ಲಿ. ತಾರೀಖನ್ನೇ ನಂಬಿದರೆ ಪುಸ್ತಕಕ್ಕಿಂತ ಮೊದಲು ವಿಮರ್ಶೆ ಹುಟ್ಟಿತೆಂದು ಸಿದ್ಧಾಂತವಾಗುತ್ತದೆ!

ಸ್ಕಾಟನ ಲೇಖನಕ್ಕೂ ಹೆಸರಿಲ್ಲ. ಆ ವೇಳೆಗೆ ಅವನೂ ‘ವೇವರ್ಲಿ’ ಮುಂತಾದ ಕಾದಂಬರಿಗಳನ್ನು ಹೆಸರಿಲ್ಲದೆ ಪ್ರಕಟಿಸಿದ್ದ. ಅನಾಮಧೇಯನಾದ ಕಾದಂಬರಿಕಾರನು ಅನಾಮಧೇಯಳಾದ ಕಾದಂಬರಿಕಾರ್ತಿಯನ್ನು ಅನಾಮಧೇಯನಾಗಿಯೇ ವಿಮರ್ಶಿಸಿದ ಪ್ರಸಂಗವಿದು. ಅವನು ಹೇಳಿದ ಮುಖ್ಯ ವಿಷಯ ಇಂದಿಗೂ ಬೆಲೆಯುಳ್ಳದ್ದು. ಹಿಂದಿನ ಕಥೆಗಳು ಅಸಾಧಾರಣ ಘಟನೆಗಳಿಂದಲೂ ಉತ್ಪ್ರೇಕ್ಷೆಗೊಂಡ ಭಾವಗಳಿಂದಲೂ ಓದುಗನನ್ನು ಸೆಳೆದುವು. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇನ್ನೊಂದು ಬಗೆ ತಲೆಯೆತ್ತಿದೆ. ಅದು ಸಾಮಾನ್ಯ ಜೀವನವನ್ನು ಇದ್ದಂತೆ ಚಿತ್ರಿಸುತ್ತದೆ. ಫ್ಲೆಮಿಷ್ ಚಿತ್ರಕಾರರ ಪಟಗಳಂತೆ ಅದರ ಚೆಲುವು ವಸ್ತುವಿನಲ್ಲಿಲ್ಲ, ನಿಖರತೆಯಲ್ಲಿದೆ. ಕಾದಂಬರಿಯ ಚರಿತ್ರೆಯನ್ನು ಸಮಕಾಲೀನನೊಬ್ಬನು ಇಷ್ಟು ಸ್ಪಷ್ಟವಾಗಿ ಕಂಡದ್ದು ಅಪರೂಪ.

ಹೀಗಿದ್ದೂ ಆ ಲೇಖನದಲ್ಲಿ ಮೂರು ಕಡೆ ಅವನು ಎಡವಿದ್ದಾನೆಂದು ನಮಗೆ ತೋರುತ್ತದೆ. ಹಿಂದಿನ ಕಾದಂಬರಿಯ ಕಥೆಯನ್ನು ಹೇಳುತ್ತ, ಎಲಿಜಬೆತ್‌ಳಿಗೆ ತಾನು ಡಾರ್ಸಿಯನ್ನು ನಿರಾಕರಿಸಿದ್ದು ಅವಿವೇಕವೆಂದು ಹೊಳೆದದ್ದು ಅವನ ಭವ್ಯವಾದ ಮನೆಯನ್ನೂ ತೋಟವನ್ನೂ ನೋಡಿದ ಮೇಲೆ ಎಂದು ವಿನೋದವಾಗಿ ಬರೆಯುತ್ತಾನೆ. ಗ್ರಂಥವನ್ನು ತೆರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅವಳು ಕಾಗದವನ್ನು ಓದಿ ತನ್ನ ಕುರುಡುತನಕ್ಕೆ ನಾಚುವುದು ಇಂದಿನ ಮುದ್ರಣಗಳ 36ನೆಯ ಅಧ್ಯಾಯದಲ್ಲಿ. ಪೆಂಬರ್ಲಿಯ ಮನೆ ಕಾಣುವುದು 43ನೆಯದರಲ್ಲಿ. ನಡುವೆ ಏಪ್ರಿಲಿನಿಂದ ಬೇಸಗೆಯ ಪ್ರವಾಸದವರೆಗಿನ ತಿಂಗಳುಗಳಿವೆ. ಎಲಿಜಬೆತ್ ತಾನೇ ಅಕ್ಕನೊಡನೆ ಇಂತಹ ಒಂದು ನಗೆಮಾತು ಆಡುತ್ತಾಳೆಂಬುದು ನಿಜ. ನಗೆಮಾತನ್ನು ಪ್ರಮಾಣವೆಂದು ತೆಗೆದುಕೊಂಡರೆ ಆಗುವ ಅನಾಹುತ ಇದು. ಆತ್ಮಪರಿಚಯದ ಕಥೆ ಆಸ್ತಿಯ ಕಥೆಯಾಗಿಬಿಟ್ಟಿತು. ಆಸ್ತಿಯ ಕಥೆ ಆ ಗ್ರಂಥದಲ್ಲಿ ಇಲ್ಲದೆ ಇಲ್ಲ. ಅದು ಇರುವುದು ಎಲಿಜಬೆತ್‌ಳ ಗೆಳತಿ ಷಾರ್ಲೆಟ್‌ಳಲ್ಲಿ. ಇಪ್ಪತ್ತೇಳು ವರ್ಷದ, ವರದಕ್ಷಿಣೆಯಿಲ್ಲದ, ರೂಪವಿಲ್ಲದ ಆ ಹೆಣ್ಣು ಮೂರ್ಖ ಪಾದ್ರಿಯೊಬ್ಬನನ್ನು ಮನೆಯೊಂದಕ್ಕಾಗಿ ವರಿಸುತ್ತಾಳೆ, ಇನ್ನು ಮುಂದೆ ತಮ್ಮಿಬ್ಬರಲ್ಲಿ ನಿಜವಾದ ವಿಶ್ವಾಸ ಸಾಧ್ಯವಿಲ್ಲವೆಂದು ಎಲಿಜಬೆತ್ ಭಾವಿಸುತ್ತಾಳೆ. ಪ್ರೇಮಕಥೆಯೊಳಗೆ ಒಂದು ಸ್ನೇಹದ ಮರಣವೂ ಇದೆ. ಆ ಕಾಲದ ಮಧ್ಯಮವರ್ಗದ ಅವಿವಾಹಿತ ಸ್ತ್ರೀಯ ಆರ್ಥಿಕ ಸ್ಥಿತಿಯನ್ನು ಕುರಿತು ಪಾಠ ಹೇಳುವಾಗ ನಾವು ಅಂಕಿಅಂಶಗಳಿಗಿಂತ ಮೊದಲು ಈ ಎರಡು ಅಧ್ಯಾಯಗಳನ್ನು ಓದಿಸುತ್ತೇವೆ.

ಎರಡನೆಯದು ‘ಎಮ್ಮ’ದ ಮಿಸ್ ಬೇಟ್ಸ್. ಈ ಬಡ ಅವಿವಾಹಿತೆಯ ಕೊನೆಯಿಲ್ಲದ ಮಾತು ಓದುಗನಿಗೆ ಬೇಸರ ತರುತ್ತದೆಂದು ಸ್ಕಾಟನ ದೂರು. ಬೇಸರ ಬರಬೇಕೆಂದೇ ಲೇಖಕಿಯ ಉದ್ದೇಶ. ಬಾಕ್ಸ್ ಹಿಲ್ ಎಂಬ ಗುಡ್ಡದ ಮೇಲಿನ ವನಭೋಜನದಲ್ಲಿ ಎಮ್ಮ ಅವಳನ್ನು ಎಲ್ಲರೆದುರಿಗೆ ಚುಚ್ಚಿ ಮಾತನಾಡುವಾಗ, ಅಷ್ಟು ಹೊತ್ತು ಬೇಸತ್ತಿದ್ದ ಓದುಗನೂ ಒಳಗೊಳಗೆ ನಗುತ್ತಾನೆ; ಮರುಗಳಿಗೆಯಲ್ಲಿ ನೈಟ್ಲಿಯ ಛೀಮಾರಿ ಎಮ್ಮಳ ಜೊತೆಗೆ ಓದುಗನ ಮೇಲೂ ಬೀಳುತ್ತದೆ. ಇನ್ನು ಎಮ್ಮಳಿಗೆ ತನ್ನ ಪ್ರೇಮದ ಅರಿವಾಗುವುದು ಪ್ರಿಯನ ಮಾತಿನಿಂದಲ್ಲ. ತಾನು ಗೊಂಬೆಯಂತೆ ಆಡಿಸುತ್ತಿದ್ದ ಗೆಳತಿ ಹ್ಯಾರಿಯೆಟ್ ತನಗೂ ನೈಟ್ಲಿಯ ಮೇಲೆ ಮನಸ್ಸಿದೆಯೆಂದು ಹೇಳಿದಾಗ. ಈ ಹೆಣಿಗೆಯನ್ನು ಸ್ಕಾಟ್ ಗಮನಿಸಲಿಲ್ಲ.

ಕೊನೆಯಲ್ಲಿ ಅವನು ಈಚಿನ ಕಾದಂಬರಿಗಳು ಮನ್ಮಥನನ್ನು ಲೆಕ್ಕಾಚಾರಕ್ಕೆ ಕಟ್ಟಿಹಾಕುತ್ತಿವೆಯೆಂದು ಆಕ್ಷೇಪಿಸಿ, ತಾರುಣ್ಯದ ನಿಷ್ಫಲ ಪ್ರೇಮವೂ ಮನುಷ್ಯನನ್ನು ಉದಾತ್ತಗೊಳಿಸುತ್ತದೆಂದು ವಾದಿಸುತ್ತಾನೆ. ಆಗ ಅವನಿಗೆ ನಲವತ್ತನಾಲ್ಕು ವರ್ಷ. ಅವನು ಯೌವನದಲ್ಲಿ ಪ್ರೀತಿಸಿದ ವಿಲಿಯಮೀನ ಎಂಬಾಕೆ 1797ರಲ್ಲಿ ಧನಿಕರ ಮನೆಯ ಮಗನನ್ನು ಮದುವೆಯಾದಳೆಂಬುದು ಪ್ರಸಿದ್ಧ ಸಂಗತಿ. ಈ ಪುಟಗಳಲ್ಲಿ ಆ ಹಳೆಯ ಗಾಯವೂ ಮಾತನಾಡುತ್ತಿದೆಯೆಂದು ಊಹಿಸಲು ಅವಕಾಶವುಂಟು. ಊಹೆಯನ್ನು ಊಹೆಯೆಂದೇ ಬಿಡುತ್ತೇವೆ.

ಲೇಖಕಿ ಈ ವಿಮರ್ಶೆಯನ್ನು ಓದಿ 1816ರ ಏಪ್ರಿಲ್ 1ರಂದು ಮರ್ರೆಗೆ ಬರೆದ ಕಾಗದ ಉಳಿದಿದೆ. ತನಗೆ ದೂರಲು ಕಾರಣವಿಲ್ಲ. ಅಷ್ಟು ಬುದ್ಧಿವಂತನಾದವನು ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕೃತಿಯ ಹೆಸರನ್ನೇ ಎತ್ತದೆ ಹೋದದ್ದು ಮಾತ್ರ ವ್ಯಸನ ತಂದಿತು, ಎಂದು ಅದರ ತಾತ್ಪರ್ಯ. ಪ್ರಕಟವಾಗಿ ಎರಡು ವರ್ಷವಾಗುತ್ತ ಬಂದಿದ್ದರೂ ಒಂದು ಸಾಲೂ ವಿಮರ್ಶೆಯಿಲ್ಲದ ಪುಸ್ತಕ ಅದೆಂಬುದನ್ನು ನೆನೆದರೆ ಆ ಸೌಜನ್ಯದ ಕೆಳಗಿನ ನೋವು ಅರ್ಥವಾಗುತ್ತದೆ. ಸ್ಕಾಟನ ಮೆಚ್ಚುಗೆ ಮುಂದೆ ಹೆಚ್ಚಿತು. 1826ರ ಮಾರ್ಚಿಯಲ್ಲಿ, ‘ಪ್ರೈಡ್ ಅಂಡ್ ಪ್ರೆಜುಡಿಸ್’ ಗ್ರಂಥವನ್ನು ಮೂರನೆಯ ಬಾರಿಯಾದರೂ ಓದಿ, ಸಾಮಾನ್ಯ ಜೀವನವನ್ನು ಚಿತ್ರಿಸುವ ಆ ನವಿರಾದ ಕೈ ತನಗಿಲ್ಲವೆಂದು ದಿನಚರಿಯಲ್ಲಿ ಒಪ್ಪಿಕೊಂಡ. ಆ ಮಾತು ಎಷ್ಟು ನಿಜವೆಂಬುದನ್ನು ನಮ್ಮ ನಾಡಿನವರು ಬೇರೊಂದು ದಾರಿಯಿಂದಲೂ ಪರೀಕ್ಷಿಸಬಹುದು. ಮರುವರ್ಷ, 1827ರಲ್ಲಿ, ಅವನು ಪ್ರಕಟಿಸಿದ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆ ಮುಗಿಯುವುದು ಬೆಂಗಳೂರಿನಲ್ಲಿ, ಹೈದರಾಲಿ ಮತ್ತು ಟಿಪ್ಪುವಿನ ಇದಿರಿನಲ್ಲಿ. ಮುಗ್ಧೆಯಾದ ಪ್ರೇಯಸಿಯನ್ನು ಟಿಪ್ಪುವಿಗೆ ಒಪ್ಪಿಸಲು ಸಂಚುಹೂಡಿದವನನ್ನು ಹೈದರನು ಆನೆಯ ಕಾಲಿಗೆ ಹಾಕಿಸುತ್ತಾನೆ. ಭಾರತವನ್ನು ಎಂದೂ ಕಾಣದವನು ಬರೆದ ಬೆಂಗಳೂರು ಅದು. ಹಳೆಯ ಬಗೆಯ ಅದ್ಭುತ ಕಥೆಗಳ ದೋಷಗಳೆಂದು ಹನ್ನೊಂದು ವರ್ಷಗಳ ಹಿಂದೆ ಅವನೇ ಪಟ್ಟಿಮಾಡಿದ್ದೆಲ್ಲವೂ ಅಲ್ಲಿ ಸಾಲಾಗಿ ನಿಂತಿವೆ.

ಮತ್ತೆ ‘ಎಮ್ಮ’ಕ್ಕೆ ಬರೋಣ. ಈ ಬಾರಿ ‘ಮಂತ್ಲಿ ರಿವ್ಯೂ’, ‘ಬ್ರಿಟಿಷ್ ಕ್ರಿಟಿಕ್’, ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಮೊದಲಾದುವು ಸಣ್ಣ ಸಣ್ಣ ಟಿಪ್ಪಣಿಗಳನ್ನು ಬರೆದುವು. ‘ಎಡಿನ್‌ಬರೊ ರಿವ್ಯೂ’ ಮೌನವಾಗಿತ್ತು. ಆ ಮೌನದಿಂದ ತಾತ್ಸಾರವನ್ನು ಊಹಿಸುವುದು ಸುಲಭ. ಆದರೆ ಲೇಖಕಿಯ ಎರಡನೆಯ ಪಟ್ಟಿಯಲ್ಲಿ ಆ ಪತ್ರಿಕೆಯ ಸಂಪಾದಕ ಜೆಫ್ರಿಯ ಹೆಸರಿದೆ: ಈ ಪುಸ್ತಕ ಅವನನ್ನು ಮೂರು ರಾತ್ರಿ ನಿದ್ದೆಗೆಡಿಸಿತೆಂದು ಆಕೆಗೆ ಸುದ್ದಿ ಮುಟ್ಟಿತ್ತು. ನಿದ್ದೆಗೆಟ್ಟು ಓದಿದವನು ಅದನ್ನು ಕುರಿತು ಪತ್ರಿಕೆಯಲ್ಲಿ ಒಂದು ಪುಟವನ್ನೂ ಮೀಸಲಿಡಲಿಲ್ಲ. ಅದೇ ಪಟ್ಟಿಯಲ್ಲಿ, ಪುಸ್ತಕ ಸ್ವಾರಸ್ಯವಾಗಿಲ್ಲವೆಂದು ಕೇಳಿ ಮೊದಲ ಮತ್ತು ಕೊನೆಯ ಅಧ್ಯಾಯಗಳನ್ನು ಮಾತ್ರ ಓದಿದ ಫೌಲ್ ಎಂಬ ಮಹಾಶಯನಿದ್ದಾನೆ. ಬರೆದವಳ ಪರಿಚಯವಿಲ್ಲದಿದ್ದರೆ ಮುಗಿಸಲಾಗುತ್ತಿರಲಿಲ್ಲವೆಂದ ನೆರೆಯ ಹೆಂಗಸಿದ್ದಾಳೆ. ಎಮ್ಮಳನ್ನು ಸಹಿಸಲಾರದ ಅಣ್ಣನ ಮಗಳಿದ್ದಾಳೆ. ನಾಯಿಕೆಯ ದೋಷಗಳನ್ನು ಹೊರಗೆಡಹಿ ಹೆಣ್ಣುಕುಲವನ್ನೇ ಬಯಲಿಗೆಳೆದಳೆಂದು ನೊಂದುಕೊಂಡು, ಜೊತೆಗೆ ಮಿಸ್ ಬೇಟ್ಸ್ ತಮಗೆ ಗೊತ್ತಿರುವ ಯಾರನ್ನೋ ನೋಡಿ ಬರೆದದ್ದೇ ಸರಿಯೆಂದು ಹಟಹಿಡಿದವಳೂ ಇದ್ದಾಳೆ.

ಸ್ಕಾಟನಂತಹವನ ಬೆಂಬಲದಿಂದ ಮಾರಾಟಕ್ಕೆ ಏನಾಯಿತು? 1816ರ ಅಕ್ಟೋಬರಿನ ವೇಳೆಗೆ 1248 ಪ್ರತಿಗಳು ಹೋಗಿದ್ದುವು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಎರಡನೆಯ ಮುದ್ರಣದ ನಷ್ಟವನ್ನು ಕಳೆದ ಮೇಲೆ ಲೇಖಕಿಯ ಕೈಸೇರಿದ ಮೊದಲ ಲಾಭ 38 ಪೌಂಡು 18 ಷಿಲಿಂಗು. ಮುದ್ರಣ ದೊಡ್ಡದು, ಬೆಲೆಯೂ ಒಂದು ಗಿನಿ. ಆದುದರಿಂದ ಎಲ್ಲವನ್ನೂ ವಿಮರ್ಶೆಯ ಶಕ್ತಿಹೀನತೆಗೆ ಹೊರಿಸುವುದು ಸರಿಯಲ್ಲ. ವಿಮರ್ಶೆಯಿಲ್ಲದ ಪುಸ್ತಕ ಆರು ತಿಂಗಳಲ್ಲಿ ಮುಗಿದು, ದೇಶದ ಪ್ರಬಲ ಪತ್ರಿಕೆಯೊಂದು ದೀರ್ಘವಾಗಿ ಮೆಚ್ಚಿದ ಪುಸ್ತಕ ಉಗ್ರಾಣದಲ್ಲಿ ಉಳಿದದ್ದಂತೂ ನಿಜ.

1821ರ ಜನವರಿಯಲ್ಲಿ ಅದೇ ‘ಕ್ವಾರ್ಟರ್ಲಿ ರಿವ್ಯೂ’ವಿನಲ್ಲಿ ರಿಚರ್ಡ್ ವೇಟ್ಲಿ ಎಂಬ ವಿದ್ವಾಂಸನು, ಮುಂದೆ ಡಬ್ಲಿನ್ನಿನ ಆರ್ಚ್‌ಬಿಷಪ್ ಆದವನು, ಲೇಖಕಿಯ ಮರಣಾನಂತರ ಪ್ರಕಟವಾದ ಎರಡು ಕಾದಂಬರಿಗಳ ನೆಪದಲ್ಲಿ ಆಕೆಯ ಕೃತಿಗಳನ್ನು ಕುರಿತು ದೀರ್ಘವಾಗಿ ಬರೆದ. ನೀತಿಯನ್ನು ಸಾರದೆಯೇ ನೀತಿ ತಿಳಿಯುವಂತೆ ಮಾಡುವ ಆಕೆಯ ಬಗೆಯನ್ನು ಅವನು ವಿವರಿಸಿದ. ಪಾತ್ರಗಳು ತಮ್ಮ ಮಾತಿನಿಂದಲೇ ಬಿಚ್ಚಿಕೊಳ್ಳುವ ರೀತಿಗಾಗಿ ಷೇಕ್ಸ್‌ಪಿಯರನ ಹೆಸರನ್ನು ಎತ್ತಿದ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಗ್ರಂಥವನ್ನೂ ಕೊನೆಗೆ ಚರ್ಚೆಗೆ ತಂದ. ಆಕೆ ತೀರಿಕೊಂಡು ಆಗ ಮೂರೂವರೆ ವರ್ಷವಾಗಿತ್ತು. ‘ಎಮ್ಮ’ದ ಉಳಿದ ಐದುನೂರಕ್ಕೂ ಮಿಕ್ಕ ಪ್ರತಿಗಳನ್ನು ಮರ್ರೆ ಹಿಂದಿನ ವರ್ಷವೇ ಅಗ್ಗದ ಬೆಲೆಗೆ ವಿಲೇವಾರಿ ಮಾಡಿ ಮುಗಿಸಿದ್ದ. ವೇಟ್ಲಿಯ ಲೇಖನವನ್ನು ಓದಿ ಪುಸ್ತಕ ಬೇಕೆಂದು ಬಂದವರಿಗೆ ಇಂಗ್ಲೆಂಡಿನಲ್ಲಿ ಹೊಸ ಮುದ್ರಣ ದೊರೆತದ್ದು 1833ರಲ್ಲಿ.